ನಾಳೆಯ ಹಾಳೆ

ಪ್ರೀತಿಯ ಮಗೂ,

ನಿನ್ನ ಪತ್ರ ಎರಡು ಸಲ ಓದಿದೆ. ದಿನವೆಲ್ಲ ಮೇಜಿನ ಮುಂದೆ ಕೂತರೂ ಸಂಜೆಗೆ ಎರಡು ಪ್ಯಾರಾ ಕೂಡ ಆಗಿರುವುದಿಲ್ಲ ಅಂತ ಬರೆದಿದ್ದೀಯ. ಓದಿ ಸಂಕಟವಾಯಿತು. ನಿನ್ನನ್ನು ಸೋಮಾರಿ ಅಂತ ನೀನೇ ಬೈದುಕೊಳ್ಳಬೇಡ.

ಪತ್ರದ ಜೊತೆ ಕಳಿಸಿದ ಕೆಲಸದ ಪಟ್ಟಿ ನೋಡಿದೆ. 31 ಸಾಲು! ಅದರಲ್ಲಿ ಒಂದು ಸಾಲು ‘ಎರಡನೇ ಅಧ್ಯಾಯ’. ಅದು ಒಂದು ತಿಂಗಳ ದುಡಿಮೆ. ಅದನ್ನು ನೋಡಿದರೆ ಯಾರ ಕೈಯಾದರೂ ಹಿಂಜರಿಯುತ್ತದೆ. ‘ಎರಡನೇ ಅಧ್ಯಾಯದ ಮೊದಲ ಪ್ಯಾರಾ, ಹೇಗಿದ್ದರೂ ಸರಿ, ಬರೆಯುವುದು’ ಅಂತಿದ್ದರೆ ಕೂತ ತಕ್ಷಣ ಶುರು ಮಾಡಬಹುದು, ಅಲ್ವಾ?

ಒಂದು ಎ4 ಹಾಳೆ ತೆಗೆದುಕೋ. ಮೂರು ಸಲ ಅರ್ಧರ್ಧ ಮಡಚಿ ಬಿಚ್ಚು. ಎಂಟು ಮನೆ ಆಗುತ್ತವೆ. ಏಳು ಮನೆ ವಾರದ ಏಳು ದಿನಕ್ಕೆ. ಎಂಟನೆಯದು, ಕೆಲಸದ ನಡುವೆ ಸುಮ್ನೆ ತಲೆಗೆ ಬಂದದ್ದನ್ನೆಲ್ಲ ಹಾಕಿಡಲು. ಒಂದೊಂದು ಮನೆಯೂ ಸುಮಾರು 7 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದ. ಮೂರ್ನಾಲ್ಕು ಕೆಲಸಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ನಿನಗೆ ಬೇಕಾದದ್ದು ಆ ಇಕ್ಕಟ್ಟೇ. ಫೋನಿನ ಪಟ್ಟಿಗೆ ತಳವಿಲ್ಲ, ಎಷ್ಟು ಹಾಕಿದರೂ ನುಂಗುತ್ತದೆ.

ನಾಳೆಯ ಮನೆಯನ್ನು ಇವತ್ತು ರಾತ್ರಿಯೇ ತುಂಬಿಸು. ಅರ್ಧಕ್ಕೆ ನಿಂತ ಕೆಲಸ ಬೇರೆ ಕೆಲಸದ ನಡುವೆಯೂ ತಲೆಗೆ ಬಂದು ಕಾಡುತ್ತದೆ. ಅದನ್ನು ಯಾವಾಗ, ಹೇಗೆ ಮಾಡುವುದು ಅಂತ ಗೊತ್ತು ಮಾಡಿಕೊಂಡರೆ ಸಾಕು, ಮುಗಿಸದಿದ್ದರೂ ಕಾಟ ತಗ್ಗುತ್ತದೆ ಅಂತ 2011ರ ಒಂದು ಅಧ್ಯಯನ ತೋರಿಸಿತು. ನನಗಂತೂ ಅಂದಿನಿಂದ ಅಲ್ಲ, ಅದಕ್ಕೂ ಎಷ್ಟೋ ಮೊದಲಿನಿಂದ ಇದು ನಿದ್ದೆ ಕೊಟ್ಟಿದೆ.

ಆಗದೆ ಉಳಿದ ಕೆಲಸವನ್ನು ಮರುದಿನದ ಮನೆಗೆ ಕೈಯಾರೆ ಮತ್ತೆ ಬರೆ. ಮೂರನೇ ಸಲ ಬರೆಯುವಾಗ ಬೇಸರ ಬರುತ್ತದೆ. ಬರಲಿ. ಆಗ ಕೇಳಿಕೋ, ಇದನ್ನು ನಾನು ನಿಜಕ್ಕೂ ಮಾಡುತ್ತೇನಾ? ಇಲ್ಲವೆಂದರೆ ಹೊಡೆದುಹಾಕು. ನಾನು ಹೀಗೆ ಹೊಡೆದುಹಾಕಿದ ಯಾವ ಕೆಲಸಕ್ಕೂ ಆಮೇಲೆ ಪರಿತಪಿಸಿದ್ದು ನೆನಪಿಲ್ಲ.

ಗಂಟೆಗಂಟೆಗೂ ವೇಳಾಪಟ್ಟಿ ಹಾಕಬೇಡ. ನಿನ್ನ ವಯಸ್ಸಲ್ಲಿ ನಾನು ಭಾನುವಾರ ಪೂರ್ತಿ ಕೂತು ಬಣ್ಣಬಣ್ಣದ ಪೆನ್ನಲ್ಲಿ ಹಾಕುತ್ತಿದ್ದೆ. ಬುಧವಾರ ಒಂದು ಗಂಟೆ ತಪ್ಪಿದರೆ ಇಡೀ ವಾರ ಕೈಬಿಟ್ಟುಬಿಡುತ್ತಿದ್ದೆ. ಆ ವರ್ಷಗಳನ್ನು ನೆನೆದರೆ ಈಗಲೂ ನೋವಾಗುತ್ತದೆ.

ಇನ್ನು ಬರವಣಿಗೆ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಲೇಖಕ ಆಂಟನಿ ಟ್ರೊಲಪ್ ಅಂಚೆ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಕಾದಂಬರಿ ಬರೆದವರು. ವಾರಗಳಾಗಿ ಗೆರೆ ಹಾಕಿದ ಡೈರಿಯಲ್ಲಿ ದಿನಕ್ಕೆ ಎಷ್ಟು ಪುಟ ಆಯಿತು ಅಂತ ಬರೆದಿಡುತ್ತಿದ್ದರು. ಪುಟಕ್ಕೆ 250 ಪದ, ಅದೂ ಎಣಿಸಿ. ನೀನೂ ಆ ದಿನದ ಮನೆಯ ಮೂಲೆಯಲ್ಲಿ ಪದಗಳ ಲೆಕ್ಕ ಬರೆ. ಸೊನ್ನೆ ಇದ್ದರೆ ಸೊನ್ನೆ ಅಂತಲೇ ಬರೆ.

ಓದುವಾಗ ಸಿಕ್ಕಿದ್ದನ್ನು ಕಾರ್ಡಿಗೆ ಇಳಿಸು. ಒಂದು ಕಾರ್ಡಿಗೆ ಒಂದೇ ವಿಚಾರ, ನಿನ್ನದೇ ಮಾತಲ್ಲಿ, ಕೆಳಗೆ ಪುಸ್ತಕ ಮತ್ತು ಪುಟ ಸಂಖ್ಯೆ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಹೀಗೆ ಸುಮಾರು 90,000 ಚೀಟಿ ಕೂಡಿಟ್ಟಿದ್ದರು. ಪ್ರತಿ ಚೀಟಿಗೂ ಒಂದು ಸಂಖ್ಯೆ, ಚೀಟಿಯೊಳಗೆ ಸಂಬಂಧಪಟ್ಟ ಬೇರೆ ಚೀಟಿಯ ಸಂಖ್ಯೆ. ನಿನಗೆ ಅಷ್ಟೆಲ್ಲ ಬೇಡ, ನೂರು ಸಾಕು. ನೆಲದ ಮೇಲೆ ಹರಡು. ಯಾವುದು ಯಾವುದರ ಪಕ್ಕ ಕೂರುತ್ತದೆ ಅಂತ ಆಚೀಚೆ ಸರಿಸಿ ನೋಡು. ಒಂದೆರಡು ಗಂಟೆ ಹೋದರೂ ಹೋಗಲಿ. ಪರದೆಯ ಮೇಲೆ ಕಾಣದ ಅಧ್ಯಾಯ ಅಲ್ಲಿ ಕಾಣುತ್ತದೆ. ಎಲ್ಲಿ ಕಾರ್ಡೇ ಇಲ್ಲವೋ ಅಲ್ಲಿ ನೀನು ಇನ್ನೂ ಓದಬೇಕು.

ಪ್ರತಿದಿನ ಬರೆಯುವುದು ನಿಲ್ಲಿಸಿ ಏಳುವ ಮುಂಚೆ, ಮುಂದೆ ಬರೆಯಬೇಕಾದ ವಾಕ್ಯವನ್ನು ಒಂದು ಕಾರ್ಡಿನ ಮೇಲೆ ಅರ್ಧ ಬರೆದು ಮೇಜಿನ ಮೇಲೆ ಇಡು. ಬೆಳಿಗ್ಗೆ ಅದನ್ನು ಪೂರ್ತಿ ಮಾಡುವುದೇ ಮೊದಲ ಕೆಲಸ. ಫೋನ್ ಆಮೇಲೆ.

ಈ ಪತ್ರದ ಜೊತೆ 50 ಖಾಲಿ ಕಾರ್ಡ್ ಇಟ್ಟಿದ್ದೇನೆ. ಮುಗಿದಾಗ ಹೇಳು, ಮತ್ತೆ ಕಳಿಸುತ್ತೇನೆ.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ