ಜನವರಿಯಿಂದ ನಮ್ಮ ಸುದ್ದಿ ಹಾಳೆ ಪ್ರತಿ ಶನಿವಾರ

ಯಲಹಂಕ ಉಪನಗರದ ನಮ್ಮ ಸಹಕಾರ ಸಂಘದ ಸದಸ್ಯರಿಗೆ ಮತ್ತು ಸಂಘದ ಅಂಗಡಿಯ ಗ್ರಾಹಕರಿಗೆ ನಮಸ್ಕಾರ.

ತಿಂಗಳ ಸಾಮಾನಿನ ಚೀಲದ ಜೊತೆ ನಿಮ್ಮ ಮನೆಗೆ ಬರುತ್ತಿದ್ದ ಎಂಟು ಪುಟದ ಸುದ್ದಿ ಪತ್ರಿಕೆ ಈ ಡಿಸೆಂಬರ್‌ಗೆ ನಿಲ್ಲುತ್ತದೆ. ಅದರ ಬದಲು 2026ರ ಜನವರಿ 3ರಿಂದ ಪ್ರತಿ ಶನಿವಾರ ಒಂದೇ ಒಂದು ಹಾಳೆ ಬರುತ್ತದೆ. ಎರಡೂ ಕಡೆ ಅಚ್ಚಾಗಿರುತ್ತದೆ. ಅಂಗಡಿ ಮುಂದೆ, ಹಾಲಿನ ಬೂತ್ ಹತ್ತಿರ ಮತ್ತು ಪಾರ್ಕಿನ ಗೇಟಿನಲ್ಲಿ ಒಂದೊಂದು ಕರಿಹಲಗೆ ಇಡುತ್ತೇವೆ. ಅದರಲ್ಲಿ ದಿನಾ ಬೆಳಿಗ್ಗೆ ಆರೂವರೆ ಒಳಗೆ ಅವತ್ತಿನ ಸುದ್ದಿ ಬರೆದಿರುತ್ತದೆ.

"ಪತ್ರಿಕೆ ಚೆನ್ನಾಗೇ ಇತ್ತಲ್ಲ, ಯಾಕೆ ಬದಲಾಯಿಸ್ತೀರಿ?" ಎಂದು ಹೋದ ವಾರ ಕೌಂಟರ್ ಹತ್ತಿರ ಹಲವರು ಕೇಳಿದಿರಿ. ಬಿಲ್ ಹಾಕುವ ಗಡಿಬಿಡಿಯಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಈ ಪತ್ರ.

ಮೊದಲು 2024ರ ಅಕ್ಟೋಬರ್ 22ರ ಬೆಳಿಗ್ಗೆ ನಡೆದದ್ದನ್ನು ಹೇಳುತ್ತೇನೆ. ರಾತ್ರಿಯಿಡೀ ಸುರಿದ ಮಳೆ ನಿಮಗೆಲ್ಲ ನೆನಪಿರುತ್ತದೆ. ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್‌ನೊಳಗೆ ಮತ್ತೆ ನೀರು ನುಗ್ಗಿತ್ತು. 2021ರ ನವೆಂಬರ್‌ನಲ್ಲೂ ಹಾಗೇ ಆಗಿತ್ತು ಅಲ್ವಾ? ಈ ಸಲವೂ ಜನರನ್ನು ದೋಣಿಯಲ್ಲಿ ಹೊರಗೆ ಕರೆತರಬೇಕಾಯಿತು. ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಆಗಲೇ ಏಳೆಂಟು ಜನ ನಿಂತಿದ್ದರು. ಅವರಲ್ಲಿ ಒಬ್ಬರು ಆಂಟಿ ಪೂರ್ತಿ ನೆನೆದಿದ್ದರು, ಸೆರಗಿನಿಂದ ನೀರು ಇಳಿಯುತ್ತಿತ್ತು. "ನಮ್ಮಕ್ಕ ಅಲ್ಲೇ ಇರೋದು. ಫೋನ್ ಸ್ವಿಚ್ ಆಫ್ ಬರ್ತಿದೆ. ಯಾವ ಕಡೆಯಿಂದ ಹೋಗಬಹುದು, ನಿಮಗೇನಾದ್ರೂ ಗೊತ್ತಾ?" ಎಂದು ಕೇಳಿದರು.

ನಮಗೂ ಗೊತ್ತಿರಲಿಲ್ಲ. ಕೌಂಟರ್ ಮೇಲೆ ನಮ್ಮದೇ ಅಕ್ಟೋಬರ್ ಸಂಚಿಕೆಯ ಕಟ್ಟು ಇತ್ತು. ಮುಖಪುಟದಲ್ಲಿ ಗಣೇಶೋತ್ಸವದ ರಂಗೋಲಿ ಸ್ಪರ್ಧೆಯ ಫೋಟೋ. ಆ ಆಂಟಿ ಅದರ ಮೇಲೆ ಒಮ್ಮೆ ಕಣ್ಣಾಡಿಸಿ ಸುಮ್ಮನಾದರು. ಅವರು ಏನೂ ಅನ್ನಲಿಲ್ಲ, ಆದರೆ ನನಗೆ ಬಹಳ ಕಸಿವಿಸಿಯಾಯಿತು.

ಆಗ ನಮ್ಮ ತೂಕದ ಹುಡುಗ ಒಂದು ಕೆಲಸ ಮಾಡಿದ. ಬಾಗಿಲ ಪಕ್ಕದಲ್ಲಿ ಬೇಳೆ, ಸಕ್ಕರೆ ದರ ಬರೆಯುವ ಕರಿಹಲಗೆ ಇದೆಯಲ್ಲ, ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟ. ಹಾಲು ಹಾಕಿ ಬಂದವರನ್ನು, ಪೇಪರ್ ಹುಡುಗರನ್ನು, ಆಟೋ ಅಣ್ಣಂದಿರನ್ನು ಒಬ್ಬೊಬ್ಬರನ್ನೇ ಕೇಳಿ, ಯಾವ ರಸ್ತೆಯಲ್ಲಿ ನೀರು ನಿಂತಿದೆ, ಎಲ್ಲಿ ನಡೆದು ಹೋಗಬಹುದು, ಎಲ್ಲಿ ಕರೆಂಟ್ ಇದೆ ಎಂದು ಸೀಮೆಸುಣ್ಣದಲ್ಲಿ ಬರೆದ. ಕೆಳಗಡೆ "ಫೋನ್ ಚಾರ್ಜ್ ಮಾಡಿಕೊಳ್ಳಲು ಒಳಗೆ ಬನ್ನಿ" ಎಂದು ಸೇರಿಸಿದ. ಸಂಜೆವರೆಗೆ ಆ ಹಲಗೆಯನ್ನು ಹತ್ತಾರು ಸಲ ಒರೆಸಿ ಬರೆದಿದ್ದಾನೆ. ಅವತ್ತು ಆ ಹಲಗೆ ಮುಂದೆ ನಿಂತು ಓದಿದಷ್ಟು ಜನ ನಮ್ಮ ಪತ್ರಿಕೆಯ ಮುಂದೆ ಯಾವತ್ತೂ ನಿಂತಿರಲಿಲ್ಲ. ಇವತ್ತಿನ ಈ ಬದಲಾವಣೆ ಆ ಹಲಗೆಯಿಂದಲೇ ಶುರುವಾದದ್ದು.

ಪತ್ರಿಕೆ ತಡವಾಗುತ್ತಿದ್ದುದು ಯಾಕೆ ಎಂದೂ ಹೇಳಬೇಕು. ಪ್ರೆಸ್‌ಗೆ ಪ್ರತಿ ತಿಂಗಳು 20ನೇ ತಾರೀಕಿಗೆ ಮ್ಯಾಟರ್ ಕೊಡಬೇಕಿತ್ತು. ಪ್ರೂಫ್ ಬಂದು, ತಿದ್ದಿ, ಪ್ರಿಂಟ್ ಆಗಿ, ಮಡಚಿ ಬರುವ ಹೊತ್ತಿಗೆ ತಿಂಗಳು ಮುಗಿದಿರುತ್ತಿತ್ತು. ಇದರಲ್ಲಿ ಪ್ರೆಸ್‌ನವರ ತಪ್ಪೇನೂ ಇಲ್ಲ, ಅವರು ಹೇಳಿದ ದಿನಕ್ಕೇ ಕೊಡುತ್ತಿದ್ದರು. ಎಂಟು ಪುಟ ಅಂದರೆ ಅಷ್ಟು ಸಮಯ ಹಿಡಿಯುತ್ತದೆ. ಆದರೆ ನಿಮ್ಮ ಕೈಗೆ ಬಂದಾಗ ಅದರೊಳಗಿನ ಸುದ್ದಿಗೆ ಕಡಿಮೆ ಅಂದರೂ ಹತ್ತು ದಿನ ಆಗಿರುತ್ತಿತ್ತು.

2024ರ ಬೇಸಿಗೆಯಲ್ಲಿ ಇದು ನಿಮ್ಮ ಜೇಬಿಗೂ ತಟ್ಟಿತು. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ನವರು ಬಾಯಿಗೆ ಬಂದ ರೇಟು ಹೇಳುತ್ತಿದ್ದರು. ಮಾರ್ಚ್ ಮೊದಲ ವಾರ ಜಿಲ್ಲಾಡಳಿತ ದರ ನಿಗದಿ ಮಾಡಿತು. 5 ಕಿಲೋಮೀಟರ್ ಒಳಗಾದರೆ 6,000 ಲೀಟರ್‌ಗೆ 600 ರೂಪಾಯಿ, 8,000 ಲೀಟರ್‌ಗೆ 700, 12,000 ಲೀಟರ್‌ಗೆ 1,000, ಅದರ ಮೇಲೆ ಜಿಎಸ್‌ಟಿ. ಈ ಮೂರು ಸಾಲು ಕೈಯಲ್ಲಿದ್ದಿದ್ದರೆ ಟ್ಯಾಂಕರ್ ಡ್ರೈವರ್ ಮುಂದೆ ನಿಂತು ಧೈರ್ಯವಾಗಿ ಮಾತಾಡಬಹುದಿತ್ತು. ನಾವು ಅದನ್ನು ಅಚ್ಚು ಮಾಡಿದ್ದು ಏಪ್ರಿಲ್ ಸಂಚಿಕೆಯಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಯವರು ಎರಡು ಪಟ್ಟು ಕೊಟ್ಟು ನೀರು ಹಾಕಿಸಿಕೊಂಡಾಗಿತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂಬ ಜಲಮಂಡಳಿ ಆದೇಶವೂ ಅದೇ ಸಂಚಿಕೆಯಲ್ಲಿ ಬಂತು, ಅದೂ ತಡವಾಗಿಯೇ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಎಂಐಜಿ (ಮಧ್ಯಮ ಆದಾಯದವರ) ಮನೆಗಳ ಸಾಲಿನಲ್ಲಿದ್ದ ಒಬ್ಬ ಹಿರಿಯರು ಕಳೆದ ವರ್ಷ ತೀರಿಕೊಂಡರು. ವೀಲ್ ಅಂಡ್ ಆಕ್ಸಲ್‌ನಲ್ಲಿ, ಅಂದರೆ ಈಗಿನ ರೈಲು ಗಾಲಿ ಕಾರ್ಖಾನೆಯಲ್ಲಿ, 1984ರಲ್ಲಿ ಕಾರ್ಖಾನೆ ಶುರುವಾದ ಹೊಸತರಲ್ಲೇ ಸೇರಿದವರು. ಕಾರ್ಖಾನೆಯ ಅದೇ ವಿಭಾಗದಲ್ಲಿ ಅವರ ಪಕ್ಕದಲ್ಲೇ ಕೆಲಸ ಮಾಡಿದ ಗೆಳೆಯರು ಎರಡು ರಸ್ತೆ ಆಚೆ ಇದ್ದಾರೆ. ಮಂಡಿ ನೋವಿನಿಂದ ಅವರು ಜಾಸ್ತಿ ಹೊರಗೆ ಬರುವುದಿಲ್ಲ, ಮನೆಯಲ್ಲಿ ಹಳೇ ಬಟನ್ ಫೋನ್. ಅವರಿಗೆ ಗೆಳೆಯ ಹೋದ ವಿಷಯ ತಿಳಿದದ್ದು ನಮ್ಮ ಪತ್ರಿಕೆಯಿಂದ. ಅಷ್ಟು ಹೊತ್ತಿಗೆ ವೈಕುಂಠ ಸಮಾರಾಧನೆಯೂ ಮುಗಿದು ಒಂದು ವಾರ ಆಗಿತ್ತು. ಮಾರನೇ ದಿನ ಕೋಲೂರಿಕೊಂಡು ಅಂಗಡಿಗೆ ಬಂದರು. ಪತ್ರಿಕೆಯ ಆ ಪುಟವನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಅದನ್ನು ತೆಗೆದು ಕೌಂಟರ್ ಮೇಲೆ ಬಿಡಿಸಿ, ಬೆರಳಿಟ್ಟು ತೋರಿಸಿದರು. "ಎರಡು ರಸ್ತೆ ಅಷ್ಟೇ ಕಣಪ್ಪಾ. ಯಾರಾದ್ರೂ ಒಂದು ಮಾತು ಹೇಳಿದ್ರೆ ಹೆಂಗಾದ್ರೂ ಮಾಡಿ ಮುಖ ನೋಡ್ಕೊಂಡು ಬರ್ತಿದ್ದೆ" ಅಂದರು. ನಾನು ಕುರ್ಚಿ ಹಾಕಿ ಕೂರಿಸಿದೆ. ಹೇಳಲು ನನ್ನ ಹತ್ತಿರ ಮಾತಿರಲಿಲ್ಲ.

ಆದ್ದರಿಂದ ಇನ್ನು ಮುಂದೆ ಸಾವಿನ ಸುದ್ದಿ ಬಂದ ಗಂಟೆಯೊಳಗೆ ಮೂರೂ ಹಲಗೆಗಳ ಮೇಲೆ ಬರೆಯುತ್ತೇವೆ. ಇದಕ್ಕೆ ಯಾವ ದುಡ್ಡೂ ಇಲ್ಲ. ಮನೆಯವರು ಒಪ್ಪಿದರೆ ಮಾತ್ರ ಬರೆಯುತ್ತೇವೆ. ಹೊರಗೆ ಬರಲಾಗದ ಹಿರಿಯರು ಇದ್ದರೆ, "ಇಂಥವರ ಸುದ್ದಿ ನನಗೆ ತಿಳಿಸಿ" ಎಂದು ನಮ್ಮ ಪುಸ್ತಕದಲ್ಲಿ ಬರೆಸಿ. ಸಾಮಾನು ತಲುಪಿಸುವ ನಮ್ಮ ಹುಡುಗರು ಮನೆ ಬಾಗಿಲಿಗೇ ಬಂದು ಹೇಳುತ್ತಾರೆ. ನನ್ನ ಮಟ್ಟಿಗೆ ಈ ಇಡೀ ಬದಲಾವಣೆಯಲ್ಲಿ ಮುಖ್ಯವಾದದ್ದು ಇದೇ.

"ವಾಟ್ಸಾಪ್ ಗ್ರೂಪ್ ಇದೆಯಲ್ಲ, ಹಾಳೆ ಯಾಕೆ?" ಎಂದು ಚಿಕ್ಕ ವಯಸ್ಸಿನವರು ಕೇಳುತ್ತೀರಿ. ಗ್ರೂಪ್‌ಗಳು ಇರಲಿ, ಅವು ಬೇಕು. ಆದರೆ ಒಂದೊಂದು ಸೆಕ್ಟರ್‌ಗೆ ಒಂದೊಂದು ಗ್ರೂಪ್, ಬಾಡಿಗೆಯವರು ಎಷ್ಟೋ ಗ್ರೂಪ್‌ಗಳಲ್ಲಿ ಇರುವುದೇ ಇಲ್ಲ. ಗುಡ್ ಮಾರ್ನಿಂಗ್ ಹೂವುಗಳ ನಡುವೆ ನೀರು ಬಿಡುವ ಟೈಮು ಎಲ್ಲೋ ಮೇಲಕ್ಕೆ ಹೋಗಿಬಿಡುತ್ತದೆ. ಜೊತೆಗೆ ಎಲ್ಲಿಂದಲೋ ಬಂದ ಮೆಸೇಜು ಸುತ್ತುತ್ತಿರುತ್ತದೆ. ಎರಡು ದಿನ ಕರೆಂಟ್ ಇರಲ್ಲ ಎಂಬ ಒಂದು ಮೆಸೇಜು ಬಂದ ದಿನ ನಮ್ಮಲ್ಲಿದ್ದ ಮೇಣದಬತ್ತಿಯೆಲ್ಲ ಸಂಜೆಯೊಳಗೆ ಖಾಲಿ. ಆಮೇಲೆ ನೋಡಿದರೆ ಅದು ಬೇರೆ ಊರಿನದು, ಹಳೆಯದು. 1912ಕ್ಕೆ ಒಂದು ಫೋನ್ ಮಾಡಿದ್ದರೆ ತಿಳಿಯುತ್ತಿತ್ತು. ನಾವೂ ಮಾಡಲಿಲ್ಲ.

ಅದಕ್ಕೆ ಒಂದು ನಿಯಮ ಇಟ್ಟುಕೊಂಡಿದ್ದೇವೆ. ಕರೆಂಟ್ ವಿಷಯವನ್ನು ಬೆಸ್ಕಾಂ 1912ಕ್ಕೆ, ನೀರಿನ ವಿಷಯವನ್ನು ಜಲಮಂಡಳಿಯ 1916ಕ್ಕೆ ಕೇಳಿ ಖಚಿತ ಮಾಡಿಕೊಂಡೇ ಹಲಗೆ ಮೇಲೆ ಬರೆಯುತ್ತೇವೆ. ಕಾರ್ಯಕ್ರಮ ಆದರೆ ನಡೆಸುವವರಿಗೇ ಹಿಂದಿನ ದಿನ ಫೋನ್ ಮಾಡುತ್ತೇವೆ. ಹೋದ ವರ್ಷ ಕಣ್ಣು ತಪಾಸಣೆ ಶಿಬಿರದ ದಿನ ಬದಲಾಗಿದ್ದು ನಮಗೆ ಗೊತ್ತಾಗದೆ, ಹಳೇ ತಾರೀಕೇ ಅಚ್ಚಾಗಿ, ಅಜ್ಜ ಅಜ್ಜಿಯರು ಬೀಗ ಹಾಕಿದ ಗೇಟಿನ ಮುಂದೆ ಬಿಸಿಲಲ್ಲಿ ಕಾದರು. ಅದಕ್ಕೆ ಮತ್ತೊಮ್ಮೆ ಕ್ಷಮೆ ಕೇಳುತ್ತೇವೆ. ಇನ್ನು ನಮ್ಮಿಂದ ತಪ್ಪಾದರೆ, ತಿದ್ದುಪಡಿ ಮುಂದಿನ ಹಾಳೆಯ ಮೊದಲ ಸಾಲಿನಲ್ಲೇ ಇರುತ್ತದೆ.

ಹಾಳೆಯಲ್ಲಿ ಏನೇನು ಇರುತ್ತದೆ? ಮೊದಲ ಪುಟದಲ್ಲಿ ಆ ವಾರ ನಡೆಯುವುದು ಮಾತ್ರ. ಯಾವ ದಿನ ಯಾವ ಸೆಕ್ಟರ್‌ಗೆ ನೀರು, ಎಲ್ಲಿ ಕರೆಂಟ್ ತೆಗೆಯುತ್ತಾರೆ, ಕಸದ ಗಾಡಿ ಸಮಯ ಬದಲಾದರೆ ಅದು, ಲಸಿಕೆ, ರಕ್ತದಾನ, ಭಜನೆ, ಮಕ್ಕಳ ಕ್ರಿಕೆಟ್. ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆಯುವ ವರ್ಷಗಳಲ್ಲಿ ಯಾವ ರಸ್ತೆ ಬಂದ್ ಎಂಬುದು ನಮ್ಮ ಕಡೆ ಬಹಳ ಮುಖ್ಯ. 2025ರ ಪ್ರದರ್ಶನಕ್ಕೆ ಮುಂಚೆ ಜನವರಿ ಕೊನೆಯಿಂದಲೇ ವಾಯುನೆಲೆಯ ಸುತ್ತಮುತ್ತ ಮಾಂಸದ ಅಂಗಡಿ ಮುಚ್ಚಿಸಿದ್ದರು, ಹಕ್ಕಿಗಳು ಬಂದು ವಿಮಾನಕ್ಕೆ ತಾಗಬಾರದು ಅಂತ. ಮನೆಯಲ್ಲಿ ನಾಮಕರಣ ಇಟ್ಟುಕೊಂಡು, ಮಟನ್‌ಗೆ ಎಲ್ಲಿಗೆ ಹೋಗಬೇಕೋ ತಿಳಿಯದೆ ಪರದಾಡಿದವರು ನಮ್ಮ ಗ್ರಾಹಕರಲ್ಲೇ ಇದ್ದರು. ಇಂಥದ್ದು ಮುಂಚೆಯೇ ತಿಳಿಯಬೇಕು.

2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳಾಗಿವೆ, ನಾವು ಬೆಂಗಳೂರು ಉತ್ತರಕ್ಕೆ ಸೇರಿದ್ದೇವೆ. ಖಾತಾ, ತೆರಿಗೆ, ಬೀದಿ ದೀಪ, ಯಾವುದಕ್ಕೆ ಎಲ್ಲಿಗೆ ಹೋಗಬೇಕು ಎಂದು ಇವತ್ತಿಗೂ ದಿನಾ ಯಾರಾದರೂ ಕೌಂಟರ್‌ನಲ್ಲಿ ಕೇಳುತ್ತಾರೆ. ವಾರಕ್ಕೆ ಒಂದು ಪ್ರಶ್ನೆ ತೆಗೆದುಕೊಂಡು, ಕಚೇರಿಗೆ ನಾವೇ ಹೋಗಿ ಕೇಳಿಕೊಂಡು ಬಂದು ಉತ್ತರ ಬರೆಯುತ್ತೇವೆ.

ಹಿಂದಿನ ಪುಟದಲ್ಲಿ ಬಾಡಿಗೆ ಮನೆ, ಟ್ಯೂಷನ್, ಮನೆ ಊಟ, ಕಳೆದುಹೋದ ವಸ್ತು. ನಾಲ್ಕು ಸಾಲಿನ ಜಾಹೀರಾತಿಗೆ 50 ರೂಪಾಯಿ, ಕಳೆದದ್ದು, ಸಿಕ್ಕಿದ್ದು ಹಾಕಿಸಲು ಉಚಿತ. ಪಾರ್ಟಿಗಳ ಪ್ರಚಾರ ಹಾಕುವುದಿಲ್ಲ.

ಅಕ್ಷರ ದಪ್ಪಗೆ, ದೊಡ್ಡದಾಗಿ ಇರುತ್ತದೆ. ಕನ್ನಡಕ ಹುಡುಕದೆ ಓದುವಂತಿರಬೇಕು ಎಂದು ಹಿರಿಯರು ಹೇಳಿದ್ದರು.

ಕಳೆದುಕೊಳ್ಳುವುದೂ ಇದೆ. ಮಕ್ಕಳ ಕವನ, ಅಡುಗೆ ಪುಟ, ಪುಟ್ಟೇನಹಳ್ಳಿ ಕೆರೆ ಕಡೆ ವಾಕಿಂಗ್ ಹೋಗುವ ಮೇಷ್ಟ್ರು ಬರೆಯುತ್ತಿದ್ದ ಹಕ್ಕಿ ಅಂಕಣ, ಇವಕ್ಕೆ ಒಂದು ಹಾಳೆಯಲ್ಲಿ ಜಾಗ ಇಲ್ಲ. ಆ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಗಿದೆ ಎಂಬುದು ನನಗೆ ತಿಳಿದದ್ದೇ ಆ ಅಂಕಣದಿಂದ. ನಿಲ್ಲಿಸುವ ಮನಸ್ಸಿಲ್ಲ. ಯುಗಾದಿಗೆ ಒಂದು, ರಾಜ್ಯೋತ್ಸವಕ್ಕೆ ಒಂದು, ವರ್ಷಕ್ಕೆ ಎರಡು ದೊಡ್ಡ ಸಂಚಿಕೆ ತರುತ್ತೇವೆ. ಇವೆಲ್ಲ ಅದರಲ್ಲಿ ಬರುತ್ತವೆ. ಮೇಷ್ಟ್ರು ಒಪ್ಪಿದ್ದಾರೆ. ಆ ವಾರ ಯಾವ ಹಕ್ಕಿ ಬಂದಿದೆ ಎಂದು ಪಾರ್ಕಿನ ಹಲಗೆ ಮೇಲೆ ಒಂದು ಸಾಲು ಬರೆಯುತ್ತೇನೆ ಎಂದೂ ಹೇಳಿದ್ದಾರೆ.

ಈಗ ದುಡ್ಡಿನ ವಿಷಯ. ಇಲ್ಲಿವರೆಗೆ ಪತ್ರಿಕೆಗೆ ತಿಂಗಳಿಗೆ 10 ರೂಪಾಯಿ ಬಿಲ್ಲಿನಲ್ಲಿ ಸೇರುತ್ತಿತ್ತು. ಜನವರಿಯಿಂದ 15 ರೂಪಾಯಿ ಆಗುತ್ತದೆ. ಪ್ರೆಸ್ ಖರ್ಚು ಉಳಿಯುತ್ತದೆ, ಅಂಗಡಿಯ ಪ್ರಿಂಟರ್‌ನಲ್ಲೇ ಶುಕ್ರವಾರ ರಾತ್ರಿ ತೆಗೆಯುತ್ತೇವೆ. ಆದರೆ ತಿಂಗಳಿಗೆ ಒಂದು ಸಲ ಹಂಚುತ್ತಿದ್ದುದನ್ನು ಈಗ ನಾಲ್ಕು ಸಲ ಹಂಚಬೇಕು. ಆ ಐದು ರೂಪಾಯಿ ಪೂರ್ತಿ ಹಂಚುವ ಹುಡುಗರಿಗೆ ಹೋಗುತ್ತದೆ. ಬೇಡ ಎನ್ನುವವರು ಬಿಲ್ ಹಾಕುವಾಗ ಹೇಳಿದರೆ ಸಾಕು, ತೆಗೆದುಬಿಡುತ್ತೇವೆ. ಹಲಗೆ ಓದಲು ಸದಸ್ಯರೇ ಆಗಿರಬೇಕು ಎಂದೇನಿಲ್ಲ. ವರ್ಷದ ಚಂದಾ ಮೊದಲೇ ಕೊಟ್ಟಿರುವವರು ಈಗ ಏನೂ ಹೆಚ್ಚು ಕೊಡಬೇಕಿಲ್ಲ. ಮೂರು ತಿಂಗಳು ನೋಡಿ, ಲೆಕ್ಕ ಹಲಗೆ ಮೇಲೇ ಬರೆಯುತ್ತೇವೆ. ಹೆಚ್ಚಾಗಿದೆ ಅನಿಸಿದರೆ ಸರ್ವಸದಸ್ಯರ ಸಭೆಯಲ್ಲಿ ಎದ್ದು ಕೇಳಿ.

ಸುದ್ದಿ ಕೊಡಬೇಕಾದವರು ನೀವೇ. ಕೌಂಟರ್ ಪಕ್ಕ ನೀಲಿ ಡಬ್ಬಿ ಇಟ್ಟಿದ್ದೇವೆ. ಯಾವ ಚೀಟಿಯಾದರೂ ಸರಿ, ವಿಷಯ, ನಿಮ್ಮ ಹೆಸರು, ಮನೆ ನಂಬರ್ ಇರಲಿ. ಹೆಸರಿಲ್ಲದ ಚೀಟಿ ಹಾಕುವುದಿಲ್ಲ. ಬರೆಯಲು ಆಗದವರು ಬಾಯಲ್ಲಿ ಹೇಳಿ, ನಾವು ಬರೆದುಕೊಳ್ಳುತ್ತೇವೆ. ಪಾರ್ಕಿನ ಗೇಟಿನ ಹಲಗೆಗೆ ಬೆಳಿಗ್ಗೆ ಬರೆಯಲು ಇನ್ನೊಬ್ಬರು ಬೇಕು. ಅಕ್ಷರ ದುಂಡಗಿದ್ದು, ಆರು ಗಂಟೆಗೆ ಏಳುವ ಅಭ್ಯಾಸ ಇರುವವರು ದಯವಿಟ್ಟು ಬಂದು ಹೇಳಿ. ಸೀಮೆಸುಣ್ಣ ನಮ್ಮದು.

ಜನವರಿ 3ರ ಮೊದಲ ಹಾಳೆಗೆ ಹಾಕಬೇಕಾದ ವಿಷಯ ಜನವರಿ 1, ಗುರುವಾರ ಸಂಜೆ 7 ಗಂಟೆ ಒಳಗೆ ಡಬ್ಬಿಗೆ ಬರಬೇಕು. ಸಂಕ್ರಾಂತಿಗೆ ಎಳ್ಳು ಬೀರುವ ಕಾರ್ಯಕ್ರಮ ಇಟ್ಟುಕೊಂಡಿರುವ ರಸ್ತೆಯವರು ಆಗಲೇ ಕೊಟ್ಟರೆ ಎರಡು ವಾರ ಹಾಕಬಹುದು.

ಇಂತಿ ನಿಮ್ಮ,
ಕಾರ್ಯದರ್ಶಿ
(ಸಹಕಾರ ಸಂಘದ ಆಡಳಿತ ಮಂಡಳಿ ಮತ್ತು ಅಂಗಡಿಯ ಎಲ್ಲ ಸಿಬ್ಬಂದಿ ಪರವಾಗಿ)