ಐಸಿಡಿ ಅಳವಡಿಸಿಕೊಂಡವರಿಗೆ ಮುಂದಿನ ಬದುಕಿನ ತಿಳಿವಳಿಕೆಯೂ ಬೇಕು

ಮಾನ್ಯರೇ,

ಎರಡು ವರ್ಷಗಳ ಹಿಂದೆ ನಮ್ಮ ತಂದೆಯವರ ಎದೆಯ ಎಡಭಾಗದಲ್ಲಿ ಐಸಿಡಿ ಸಾಧನವನ್ನು ಅಳವಡಿಸಲಾಯಿತು. ಹೃದಯ ಬಡಿತವು ಪ್ರಾಣಕ್ಕೆ ಕುತ್ತಾಗುವಷ್ಟು ವೇಗ ಪಡೆದಾಗ ಅದನ್ನು ಗುರುತಿಸಿ, ಅಗತ್ಯಬಿದ್ದರೆ ಒಳಗಿನಿಂದಲೇ ಷಾಕ್ ಕೊಟ್ಟು ಸರಿಪಡಿಸುವುದು ಅದರ ಕೆಲಸ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು; ಅದಕ್ಕಾಗಿ ವೈದ್ಯರಿಗೆ ನಾವು ಋಣಿಗಳು. ನಾನು ಬರೆಯುತ್ತಿರುವುದು ಅದರ ನಂತರದ ದಿನಗಳ ಬಗ್ಗೆ.

ಮನೆಗೆ ಕಳುಹಿಸುವಾಗ ‘ಎಡಗೈ ಮೇಲೆತ್ತಬೇಡಿ’ ಎಂದಿದ್ದರು. ಹೃದಯಕ್ಕೆ ಇಳಿಸಿದ ತಂತಿ ಅಲುಗಾಡದೆ ಕೂರಲೆಂದು ಕೆಲವು ವಾರಗಳ ಮಟ್ಟಿಗೆ ಹೇಳುವ ಮಾತು ಅದು. ಎಲ್ಲಿಯವರೆಗೆ ಎಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಪ್ಪ ಸುಮಾರು ಒಂದು ವರ್ಷ ಆ ಕೈಯನ್ನು ಮೈಗೆ ಅಂಟಿಸಿಕೊಂಡೇ ಓಡಾಡಿದರು; ಅಂಗಿಯ ತೋಳನ್ನು ಅಮ್ಮನೇ ಎಳೆದು ತೊಡಿಸಬೇಕಿತ್ತು. ಈಗ ಭುಜ ಹಿಡಿದುಕೊಂಡಿದೆ, ದೇವರ ಗೂಡಿನ ದೀಪಕ್ಕೆ ಕೈ ಎಟಕುವುದಿಲ್ಲ.

ಒಂದು ರಾತ್ರಿ ಊಟಕ್ಕೆ ಕುಳಿತಿದ್ದಾಗ ಷಾಕ್ ಬಂತು. ಎಮ್ಮೆ ಎದೆಗೆ ಒದ್ದ ಹಾಗಾಯಿತು ಎಂದರು ಅಪ್ಪ. ಆಮೇಲೆ ಅವರು ಒಬ್ಬರೇ ತೋಟಕ್ಕೆ ಇಳಿದಿಲ್ಲ. ಬಚ್ಚಲಿನ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಮುಟ್ಟಿದರೆ ತನಗೂ ಕರೆಂಟ್ ಹೊಡೆಯುತ್ತದೆಂದು ಹೆದರಿ ಅಮ್ಮ ಹಾಸಿಗೆಯನ್ನೇ ಬೇರೆ ಹಾಸಿಕೊಂಡರು. ಮುಟ್ಟಿದವರಿಗೆ ಹೆಚ್ಚೆಂದರೆ ಸಣ್ಣಗೆ ಜುಮ್ಮೆನ್ನಬಹುದು, ಅದರಿಂದ ಅಪಾಯವಿಲ್ಲ ಎಂಬುದು ನಮಗೆ ಬೇರೊಬ್ಬ ವೈದ್ಯರಿಂದ ತಿಳಿದದ್ದು ಎಷ್ಟೋ ತಿಂಗಳ ಬಳಿಕ.

ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತೇವೆ. ಎದೆಯ ಮೇಲೆ ಉಪಕರಣವನ್ನಿಟ್ಟು, ಬ್ಯಾಟರಿ, ತಂತಿ, ಒಳಗೆ ದಾಖಲಾದ ಬಡಿತ ಎಲ್ಲವನ್ನೂ ಕಂಪ್ಯೂಟರಿನಲ್ಲಿ ನೋಡಿ ‘ಎಲ್ಲ ಸರಿಯಿದೆ’ ಎನ್ನುತ್ತಾರೆ. ರಾತ್ರಿ ನಿದ್ದೆ ಬರುತ್ತದೆಯೇ, ಕೈ ಎತ್ತಲು ಆಗುತ್ತದೆಯೇ ಎಂದು ಇದುವರೆಗೆ ಒಮ್ಮೆಯೂ ಕೇಳಿಲ್ಲ. 1958ರಲ್ಲಿ ಸ್ವೀಡನ್ನಿನಲ್ಲಿ, ನಿಧಾನವಾದ ಹೃದಯ ಬಡಿತವನ್ನು ಸರಿಪಡಿಸುವ ಪೇಸ್‌ಮೇಕರನ್ನು ಮೊದಲಿಗೆ ದೇಹದೊಳಗೆ ಅಳವಡಿಸಿಕೊಂಡ ಆರ್ನೆ ಲಾರ್ಸನ್ ಅವರು, ಸಾಧನವನ್ನು ಮತ್ತೆ ಮತ್ತೆ ಬದಲಾಯಿಸಿಕೊಳ್ಳುತ್ತ, 2001ರವರೆಗೆ, 86ನೇ ವಯಸ್ಸಿನ ತನಕ ಬದುಕಿದ್ದನ್ನು ಅಪ್ಪನಿಗೆ ಓದಿ ಹೇಳಿದೆ. ‘ಅವರು ಕೈ ಎತ್ತುತ್ತಿದ್ದರೇನಮ್ಮಾ?’ ಎಂದು ಕೇಳಿದರು.

ಆಸ್ಪತ್ರೆಗಳು ಬಿಡುಗಡೆಯ ದಿನವೇ ರೋಗಿಗೂ ಮನೆಯವರಿಗೂ ಕನ್ನಡದಲ್ಲಿ ಅಚ್ಚಾದ ಮಾಹಿತಿ ಕೊಟ್ಟು, ಕೂರಿಸಿಕೊಂಡು ವಿವರಿಸಬೇಕು. ಯಾವ ನಿರ್ಬಂಧ ಎಷ್ಟು ವಾರ, ಮೊಬೈಲನ್ನು ಸಾಧನದಿಂದ ಸುಮಾರು 15 ಸೆಂ.ಮೀ. ದೂರವಿಟ್ಟರೆ ಸಾಕು ಎಂಬುದು, ಒಂದು ಷಾಕ್ ಬಂದು ಆರಾಮವಿದ್ದರೆ ವೈದ್ಯರಿಗೆ ತಿಳಿಸುವುದು, ಸಾಲಾಗಿ ಬಂದರೆ ಅಥವಾ ಸುಸ್ತು, ಎದೆನೋವು ಇದ್ದರೆ ಕೂಡಲೇ ಆಸ್ಪತ್ರೆಗೆ ಹೋಗುವುದು, ಇಷ್ಟಾದರೂ ಅದರಲ್ಲಿರಲಿ. ಬೆಂಗಳೂರು, ಮೈಸೂರು, ಕಲಬುರಗಿಯಂಥ ದೊಡ್ಡ ಊರುಗಳಿಗೆ ದಿನವಿಡೀ ಪ್ರಯಾಣಿಸಿ ಹತ್ತು ನಿಮಿಷದ ತಪಾಸಣೆ ಮಾಡಿಸಿಕೊಳ್ಳುವವರಿಗಾಗಿ ಆರೋಗ್ಯ ಇಲಾಖೆಯು ಜಿಲ್ಲಾ ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನವನ್ನಾದರೂ ಗೊತ್ತುಮಾಡಲಿ, ಅಂದು ಒಬ್ಬ ಆಪ್ತಸಮಾಲೋಚಕರೂ ಅಲ್ಲಿರಲಿ. ಜೊತೆಗೆ, ಷಾಕ್ ಬಂದ ರಾತ್ರಿ ಕರೆ ಮಾಡಿ ಕೇಳಲು ಒಂದು ಫೋನ್ ನಂಬರ್ ಕೊಡಲಿ.

– ಅಡಿಕೆ ಬೆಳೆಗಾರರೊಬ್ಬರ ಮಗಳು, ತೀರ್ಥಹಳ್ಳಿ ತಾಲ್ಲೂಕು