ಅಂಗಾಲಿನ ಕಪ್ಪು ಕಲೆಯನ್ನು ಆಣಿಯೆಂದು ಕೆತ್ತುವ ಮುನ್ನ

ಮಾನ್ಯರೇ,

ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಬಗ್ಗೆ ಬರುವ ಬರಹಗಳಲ್ಲೆಲ್ಲ ಬಿಳಿಯರ ಬೆನ್ನಿನ ಮಚ್ಚೆಯ ಚಿತ್ರ, ಬಿಸಿಲಿನ ಎಚ್ಚರಿಕೆ. ನಮ್ಮವರಲ್ಲಿ ಈ ರೋಗ ಅಪರೂಪ. ಬಂದರೆ ಹೆಚ್ಚಾಗಿ ಕಾಣಿಸುವುದು ಬಿಸಿಲು ತಾಗದ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ. ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುವ ಕಾಸರಗೋಡಿನವರು ಅಂಗಾಲಲ್ಲಿ ಕಪ್ಪು ಕಂಡರೆ ಮುಳ್ಳು, ಆಣಿ ಅಥವಾ ಹೆಪ್ಪುಗಟ್ಟಿದ ನೆತ್ತರು ಎಂದುಕೊಳ್ಳುತ್ತಾರೆ. ಆಣಿಪಟ್ಟಿ ಅಂಟಿಸಿ, ಬ್ಲೇಡಿನಲ್ಲಿ ಕೆತ್ತುತ್ತಾರೆ. ಹುಣ್ಣಾದರೆ ಸಕ್ಕರೆ ಕಾಯಿಲೆಯದೆಂದು ಡ್ರೆಸ್ಸಿಂಗ್ ಮುಂದುವರಿಯುತ್ತದೆ. ಕಪ್ಪು ಬಣ್ಣವೇ ಇಲ್ಲದ, ಕೆಂಪು ಮಾಂಸದಂತೆ ಬೆಳೆಯುವ ಮೆಲನೋಮಾವೂ ಇದೆ. ಮೋಸ ಹೋಗುವುದು ಅಲ್ಲಿಯೇ ಹೆಚ್ಚು.

ಇದನ್ನು ಬೇರ್ಪಡಿಸಲು ಮೊದಲು ಬೇಕಾದದ್ದು ಅಂಗೈಯಲ್ಲಿ ಹಿಡಿಯುವ ಡರ್ಮೋಸ್ಕೋಪ್. ಹತ್ತು ಪಟ್ಟು ಹಿಗ್ಗಿಸಿ ನೋಡಿದಾಗ ಅಂಗಾಲಿನ ಗೆರೆಗಳು ಉಬ್ಬು–ತಗ್ಗುಗಳಾಗಿ ಕಾಣುತ್ತವೆ. ಸಾಧಾರಣ ಮಚ್ಚೆಯ ಬಣ್ಣ ಸಾಮಾನ್ಯವಾಗಿ ತಗ್ಗಿನಲ್ಲಿ ಸಣ್ಣ ಗೆರೆಯಾಗಿ ಇರುತ್ತದೆ. ಮೆಲನೋಮಾದ ಬಣ್ಣ ಉಬ್ಬಿನ ಮೇಲೆ ಅಗಲವಾಗಿ ಹರಡುತ್ತದೆ. ಯಾವುದು ಉಬ್ಬು ಎಂದು ಗೊಂದಲವಾದರೆ ಗಮನಿಸಿ, ಉಬ್ಬಿನ ಮೇಲೆ ಬೆವರಿನ ರಂಧ್ರಗಳು ಬಿಳಿ ಚುಕ್ಕೆಗಳಂತೆ ಸಾಲಾಗಿರುತ್ತವೆ. ಇಲ್ಲವೇ ಪೆನ್ನಿನ ಶಾಯಿ ಹಚ್ಚಿ ಒರೆಸಿ: ಶಾಯಿ ಉಳಿಯುವುದು ತಗ್ಗಿನಲ್ಲಿ. ಕೂದಲಿನ ಬಣ್ಣದ ಕಲೆ, ಚರ್ಮದೊಳಗಿನ ನೆತ್ತರು ಕೂಡ ಉಬ್ಬಿನ ಮೇಲೆ ಕಾಣಬಹುದು. ಅವು ಮೇಲ್ಪದರದೊಂದಿಗೆ ಕಳಚಿ ಹೋಗುತ್ತವೆ. ಸಾಧಾರಣ ಮಚ್ಚೆಯ ವಿನ್ಯಾಸ ಸ್ಪಷ್ಟವಾಗಿಲ್ಲದ, 7 ಮಿ.ಮೀ. ಮೀರಿದ ಕಲೆಗೆ ಬಯಾಪ್ಸಿ, ಅಂದರೆ ತುಣುಕು ತೆಗೆದು ಲ್ಯಾಬಿನಲ್ಲಿ ಪರೀಕ್ಷೆ, ಬೇಕು.

ಲೇಸರ್ ಬಳಸುವ ಕಾನ್‌ಫೋಕಲ್ ಸೂಕ್ಷ್ಮದರ್ಶಕ ಮುಖದ ಕಲೆಗೆ ಚೆನ್ನಾಗಿ ಒದಗುತ್ತದೆ. ಆದರೆ ಅದು ನೋಡುವ ಆಳ ಸುಮಾರು ಕಾಲು ಮಿ.ಮೀ. ಮಾತ್ರ, ಅಂಗಾಲಿನ ಸತ್ತ ಚರ್ಮವೇ ಅದಕ್ಕಿಂತ ದಪ್ಪ. ಫೋಟೋ ನೋಡಿ ಕ್ಯಾನ್ಸರ್ ಹೇಳುವ ಮೊಬೈಲ್ ಆ್ಯಪ್‌ಗಳ ಮೇಲೂ ನಮಗೆ ನಂಬಿಕೆ ಇಲ್ಲ. ಅವು ಬಹುಪಾಲು ಬಿಳಿ ಚರ್ಮದ ಚಿತ್ರ ನೋಡಿ ಕಲಿತವು.

ಉಗುರಿನಲ್ಲಿ ಕಪ್ಪು ಪಟ್ಟಿ ಹಲವು ಬೆರಳುಗಳಲ್ಲಿದ್ದರೆ ನಮ್ಮ ಬಣ್ಣದವರಲ್ಲಿ ಅದು ಸಹಜ. ಒಂದೇ ಬೆರಳಲ್ಲಿ, 3 ಮಿ.ಮೀ. ಮೀರಿ, ಬುಡದ ಕಡೆ ಅಗಲವಾಗುತ್ತ ಸುತ್ತಲಿನ ಚರ್ಮಕ್ಕೂ ಕಪ್ಪು ಇಳಿದರೆ ಕಾಯಬಾರದು. ಪೆಟ್ಟಿನ ನೆತ್ತರಾದರೆ ಉಗುರು ಬೆಳೆದಂತೆ ಮುಂದಕ್ಕೆ ಸರಿಯುತ್ತದೆ, ಕಾಲಿನಲ್ಲಿ ತಿಂಗಳಿಗೆ ಸುಮಾರು ಒಂದೂವರೆ ಮಿ.ಮೀ.

ಕೆಲಸ ಕೆಡುವುದು ಹೆಚ್ಚಾಗಿ ಬಯಾಪ್ಸಿಯಲ್ಲಿ. ಮೇಲಿಂದ ಹೆರೆದು ತೆಗೆದರೆ ಆಳ ಸಿಗುವುದಿಲ್ಲ. ಸಣ್ಣ ಕಲೆಯನ್ನು 1ರಿಂದ 3 ಮಿ.ಮೀ. ಅಂಚಿನೊಂದಿಗೆ ಪೂರ್ತಿ ತೆಗೆಯಬೇಕು. ಅಂಗಾಲಿನ ದೊಡ್ಡ ಕಲೆಯಾದರೆ ಅತಿ ದಪ್ಪವಾದ ಜಾಗದಲ್ಲಿ, ಕೊಬ್ಬಿನ ಪದರದವರೆಗಿನ ಆಳದ ತುಣುಕು ತೆಗೆಯಬೇಕು. ತುಣುಕನ್ನು ಸಲೈನಿನಲ್ಲಿ ಕಳಿಸಿದರೆ ಕೊಳೆಯುತ್ತದೆ. ಅದರ ಹತ್ತು ಪಟ್ಟು ಪ್ರಮಾಣದ, ತುಣುಕು ಕೆಡದಂತೆ ಕಾಯುವ ಶೇ 10ರ ಬಫರ್ಡ್ ಫಾರ್ಮಾಲಿನ್ ದ್ರಾವಣ, ಅಗಲ ಬಾಯಿಯ ಡಬ್ಬಿ ಬೇಕು. ಇಂಜೆಕ್ಷನ್ ಬಾಟಲಿಗೆ ತುರುಕಿ ಕಳಿಸಿದ್ದನ್ನು ಲ್ಯಾಬಿನವರು ಒಡೆದೇ ತೆಗೆಯಬೇಕು!

ಇನ್ನು ಲ್ಯಾಬಿನಲ್ಲಿ ತುಣುಕಿಗೆ ಸ್ಟೇನ್ (ಬಣ್ಣ) ಹಾಕಿ ನೋಡುವ ಕೋಶಗಳ ಗುರುತು. ‘ಎಸ್-100’, ‘ಸಾಕ್ಸ್-10’, ‘ಮೆಲನ್-ಎ’ ಇವು ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶವೆಂದು ಹೇಳುತ್ತವೆ, ಕ್ಯಾನ್ಸರ್ ಎಂದಲ್ಲ. ‘ಪ್ರೇಮ್’ ಎಂಬ ಗುರುತು ಮುಕ್ಕಾಲು ಪಾಲಿಗಿಂತ ಹೆಚ್ಚು ಕೋಶಕೇಂದ್ರಗಳಲ್ಲಿ ಕಂಡರೆ ಮೆಲನೋಮಾದ ಕಡೆ ತೂಗುತ್ತದೆ. ‘ಕೆಐ-67’ ವಿಭಜಿಸುತ್ತಿರುವ ಕೋಶ ತೋರಿಸುತ್ತದೆ. ಅದನ್ನು ‘ಮೆಲನ್-ಎ’ ಜೊತೆ ಹಾಕದಿದ್ದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳನ್ನೂ ಲೆಕ್ಕಕ್ಕೆ ಸೇರಿಸುವ ಅಪಾಯ. ಮಾಮೂಲಿ ಸ್ಟೇನ್ ಕಂದು, ಚರ್ಮದ ಸ್ವಂತ ಬಣ್ಣವಾದ ಮೆಲನಿನ್ ಕೂಡ ಕಂದು. ದಟ್ಟ ಕಲೆಗೆ ಕೆಂಪು ಸ್ಟೇನ್ ಹಾಕಿ, ಇಲ್ಲವೇ ಮೆಲನಿನ್ ಬ್ಲೀಚ್ ಮಾಡಿ.

ಆದರೂ ರೋಗ ಎಷ್ಟು ಉಗ್ರ ಎಂದು ತಿಳಿಸುವುದರಲ್ಲಿ 1970ರಲ್ಲಿ ಅಮೆರಿಕದ ಪೆಥಾಲಜಿ ವೈದ್ಯ ಅಲೆಕ್ಸಾಂಡರ್ ಬ್ರೆಸ್ಲೋ ಹೇಳಿದ ಅಳತೆಯೇ ಇಂದಿಗೂ ಮುಂದಿದೆ: ಗಡ್ಡೆ ಎಷ್ಟು ಮಿ.ಮೀ. ಆಳ? 1 ಮಿ.ಮೀ.ವರೆಗಿದ್ದರೆ ಸುತ್ತ 1 ಸೆಂ.ಮೀ., 2 ಮಿ.ಮೀ. ಮೀರಿದರೆ 2 ಸೆಂ.ಮೀ. ಅಂಚು ತೆಗೆಯುತ್ತಾರೆ. ಆಳ 0.8 ಮಿ.ಮೀ. ತಲುಪಿದರೆ ಅಥವಾ ಮೇಲ್ಮೈ ಹುಣ್ಣಾಗಿದ್ದರೆ ಕ್ಯಾನ್ಸರ್ ಹರಡಿದರೆ ಮೊದಲು ತಲುಪುವ ತೊಡೆಸಂದಿಯ ಲಿಂಫ್ ಗ್ರಂಥಿಯ ಪರೀಕ್ಷೆಯನ್ನೂ ಯೋಚಿಸಬೇಕು. ಇದು ತಿಳಿಯುವ ಮೊದಲೇ ಅಗಲವಾಗಿ ಕತ್ತರಿಸಿಬಿಟ್ಟರೆ ಆ ಗ್ರಂಥಿಯನ್ನು ಸರಿಯಾಗಿ ಗುರುತಿಸುವುದು ಕಷ್ಟ.

ನಮ್ಮ ಜಿಲ್ಲೆಯ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ಕಾಯಿಲೆಯವರ ಕಾಲು ನೋಡುವಾಗಲೇ ಅಂಗಾಲಿನ ಕಲೆಯನ್ನೂ ನೋಡಲಿ. ತಾಲೂಕು ಆಸ್ಪತ್ರೆಗಳಿಗೆ ಡರ್ಮೋಸ್ಕೋಪ್ ಮತ್ತು ಫಾರ್ಮಾಲಿನ್ ಡಬ್ಬಿ ಕೊಡಲಿ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕನ್ನಡಿಗರಿಗೆ ತಿಳಿವಳಿಕೆ ಪತ್ರ ಕನ್ನಡದಲ್ಲೂ ಇರಲಿ. ಚಿಕಿತ್ಸೆಗೆ ಮಂಗಳೂರಿಗೋ ತಲಶ್ಶೇರಿಗೋ ಹೊರಟವರು ವರದಿಯ ಕಾಗದವೊಂದನ್ನೇ ಒಯ್ಯಬೇಡಿ. ಗಾಜಿನ ಸ್ಲೈಡುಗಳನ್ನೂ ಪ್ಯಾರಾಫಿನ್ ಬ್ಲಾಕನ್ನೂ (ಮೇಣದಲ್ಲಿ ಹುದುಗಿಸಿಟ್ಟ ತುಣುಕು) ಲ್ಯಾಬಿನಿಂದ ಕೇಳಿ ಪಡೆಯಿರಿ. ಮುಂದೆ ಔಷಧ ಆರಿಸಲು ‘ಕಿಟ್’, ‘ಬಿರಾಫ್’ ಜೀನ್ ಪರೀಕ್ಷೆ ಬೇಕಾದರೆ ಅದನ್ನು ಮಾಡುವುದು ಆ ಬ್ಲಾಕಿನಿಂದಲೇ.

– ಚರ್ಮರೋಗ ಹಾಗೂ ಪೆಥಾಲಜಿ ವೈದ್ಯರು, ಕಾಸರಗೋಡು